ನೀನು ಯಾಕೆ ನಕ್ಕೆ?

ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಏಳನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಜುಲೈ ಮಳೆ ಹಿಡಿಯಿತು ಅಂದರೆ ನಮ್ಮ ಕಡೆ ಬಟ್ಟೆ ಒಣಗುವುದು ಒಲೆ ಮೇಲೆ ಕಟ್ಟಿದ ಹಗ್ಗದಲ್ಲೇ. ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವ ಮಕ್ಕಳ ಯೂನಿಫಾರ್ಮ್ ಹೊಗೆ ವಾಸನೆ ಹೊಡೆಯುತ್ತದೆ. ಒಬ್ಬ ಹುಡುಗನಿಗೆ ಅದೇ ಅಡ್ಡಹೆಸರಾಯಿತು, 'ಹೊಗೆ'. ನಾನು ಹಾಜರಿ ಕೂಗುವಾಗ ಅವನ ಹೆಸರು ಬಂದರೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದರು. ನಾಲ್ಕೈದು ಮಕ್ಕಳು ನಗುತ್ತಿದ್ದರು. ಮಳೆಗಾಲ, ನೆಗಡಿ ಇರಬಹುದು ಅಂದುಕೊಂಡೆ. ಆ ಕೆಮ್ಮು ಏನು ಅಂತ ಗೊತ್ತಾಗಲು ನನಗೆ ಮೂರು ವಾರ ಬೇಕಾಯಿತು.

ಗೊತ್ತಾದ ದಿನ ಎಲ್ಲರಿಗೂ ಚೆನ್ನಾಗಿ ಬೈದೆ. ತರಗತಿಯಲ್ಲಿ ಕೆಮ್ಮು ನಿಂತಿತು. ಮೈದಾನದಲ್ಲಿ ಶುರುವಾಯಿತು.

ನಾಟಕ ಮಾಡಿಸೋಣ ಅನ್ನಿಸಿತು. ಆದರೆ ಭಯವೂ ಇತ್ತು. ಅದರ ಹಿಂದಿನ ವರ್ಷ ಇಂಥದ್ದೇ ಒಂದು ನಾಟಕ ನಾನೇ ಬರೆದು ಮಾಡಿಸಿದ್ದೆ. ಗಟ್ಟಿ ದನಿಯ ಎತ್ತರದ ಹುಡುಗನಿಗೆ ಕಾಡಿಸುವವನ ಪಾತ್ರ ಕೊಟ್ಟೆ. ಮೆತ್ತಗಿದ್ದ ಸಣ್ಣ ಹುಡುಗನಿಗೆ ಪೆಟ್ಟು ತಿನ್ನುವ ಪಾತ್ರ. ಮಕ್ಕಳು ಬಿದ್ದು ಬಿದ್ದು ನಕ್ಕರು. ಪಾತ್ರದ ಹೆಸರೇ ಆ ಸಣ್ಣ ಹುಡುಗನಿಗೆ ಅಂಟಿಕೊಂಡಿತು, ವರ್ಷದ ಕೊನೆಯವರೆಗೂ ಬಿಡಲಿಲ್ಲ. ಅದು ನನ್ನ ತಪ್ಪು. ಪಾತ್ರ ಹಂಚುವಾಗ ತರಗತಿಯಲ್ಲಿ ಮೊದಲೇ ಇದ್ದ ಮೇಲು ಕೀಳನ್ನೇ ನಾನು ಮತ್ತೆ ಹಂಚಿದ್ದೆ.

ಹಾಗಾಗಿ ಈ ಸಲ ಮೂರು ವಿಷಯ ಮೊದಲೇ ಗಟ್ಟಿ ಮಾಡಿಕೊಂಡೆ. ಹೊಗೆಯ ಮಾತು ಕಥೆಯಲ್ಲಿ ಬರಕೂಡದು. ಪಾತ್ರದ ಹೆಸರು ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಇರಕೂಡದು. ಕಾಡಿಸಿಕೊಳ್ಳುವ ಪಾತ್ರವನ್ನು ಒಂದೇ ಮಗು ಮಾಡಕೂಡದು, ಅದು ಕೈಯಿಂದ ಕೈಗೆ ಹೋಗುತ್ತಿರಬೇಕು. ಅದಕ್ಕೆ ಮನೆಯಿಂದ ಒಂದು ಕೆಂಪು ಟವೆಲ್ ತಂದೆ. ಅದನ್ನು ಹೆಗಲಿಗೆ ಹಾಕಿಕೊಂಡವರು ಪಾತ್ರ. ತೆಗೆದಿಟ್ಟ ಮೇಲೆ ತನ್ನ ಹೆಸರನ್ನು ಜೋರಾಗಿ ಹೇಳಿ, ಮುಖ ತೊಳೆದು ಬಂದು ಕೂರಬೇಕು. ಈ ಕೊನೆಯ ಕೆಲಸ ಸಣ್ಣದು ಅನ್ನಿಸಬಹುದು, ಆದರೆ ಒಂದು ದಿನವೂ ಬಿಡಬೇಡಿ.

ಕಥೆ ಹೀಗಿತ್ತು. ಅರಸೀಕೆರೆ ಕಡೆಯಿಂದ ಒಬ್ಬಳು ಹುಡುಗಿ ನಮ್ಮ ಮಲೆನಾಡಿನ ಶಾಲೆಗೆ ಹೊಸದಾಗಿ ಸೇರುತ್ತಾಳೆ. ತೆಂಗಿನ ತೋಟದ ಬಿಸಿಲೂರಿನವಳು. ಇಷ್ಟು ಮಳೆ, ಜಿಗಣೆ ಎಲ್ಲ ಅವಳಿಗೆ ಹೊಸದು. ಅವಳ ಮಾತಿನ ಧಾಟಿಯೇ ಬೇರೆ. ಬಸ್ಸಿನಲ್ಲಿ ಒಬ್ಬ ಅವಳ ಹಾಗೇ ಮಾತಾಡಿ ತೋರಿಸುತ್ತಾನೆ, ಉಳಿದವರು ನಗುತ್ತಾರೆ. ಇಷ್ಟೇ. ಬಾಯಿಪಾಠ ಮಾಡುವ ಮಾತುಗಳಿಲ್ಲ, ವೇದಿಕೆಯಿಲ್ಲ. ಪ್ರತಿಭಾ ಕಾರಂಜಿಗೆ ತಯಾರಿ ಮಾಡಿಸಿ ಅಭ್ಯಾಸವಾದ ನಮಗೆ ಇದು ಮೊದಮೊದಲು ಖಾಲಿ ಖಾಲಿ ಅನ್ನಿಸುತ್ತದೆ. ಶನಿವಾರ ಬೆಳಿಗ್ಗೆ ಬೆಂಚುಗಳನ್ನು ಗೋಡೆಗೆ ಸರಿಸಿ, ಎರಡನ್ನು ಬಸ್ಸಿನ ಸೀಟು ಮಾಡಿಕೊಂಡೆವು.

ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಆಲ್ 1970ರ ದಶಕದಲ್ಲಿ ಬೆಳೆಸಿದ ಫೋರಂ ಥಿಯೇಟರ್‌ನ ಕ್ರಮ ಇದು. ದೃಶ್ಯವನ್ನು ಒಮ್ಮೆ ಪೂರ್ತಿ ಆಡುತ್ತಾರೆ, ಅದು ಕೆಟ್ಟದಾಗಿಯೇ ಮುಗಿಯುತ್ತದೆ. ಎರಡನೇ ಸಲ ಆಡುವಾಗ ನೋಡುವವರಲ್ಲಿ ಯಾರು ಬೇಕಾದರೂ 'ನಿಲ್ಲಿ' ಅನ್ನಬಹುದು. ಅನ್ನುವುದಷ್ಟೇ ಸಾಲದು, ಎದ್ದು ಬಂದು ಪಾತ್ರದ ಜಾಗದಲ್ಲಿ ನಿಂತು ಆಡಿ ತೋರಿಸಬೇಕು.

ನಮ್ಮ ಮಕ್ಕಳು ಮೊದಲು ಮಾಡಿದ್ದೇನು ಗೊತ್ತಾ? ಕಾಡಿಸುವವನ ಜಾಗಕ್ಕೆ ಓಡಿ ಬಂದು 'ತಪ್ಪಾಯ್ತು, ಕ್ಷಮಿಸು' ಅಂದುಬಿಟ್ಟರು. ಎಲ್ಲರೂ ಚಪ್ಪಾಳೆ. ಬೋಆಲ್‌ನ ಕ್ರಮದಲ್ಲಿ ಇದಕ್ಕೆ ಜಾಗವಿಲ್ಲ. ಕಾಡಿಸುವವನು ಮಂತ್ರ ಹಾಕಿದ ಹಾಗೆ ಬದಲಾದರೆ ಉಳಿದವರಿಗೆ ಮಾಡಲು ಏನೂ ಇರುವುದಿಲ್ಲ, ಅಲ್ವಾ? ಅವನ ಪಾತ್ರ ಮುಟ್ಟುವ ಹಾಗಿಲ್ಲ ಅಂದೆ. ಹುಡುಗಿಯ ಜಾಗಕ್ಕೆ ಬನ್ನಿ, ಇಲ್ಲ ಬಸ್ಸಿನಲ್ಲಿ ಕೂತವರ ಜಾಗಕ್ಕೆ ಬನ್ನಿ. ಅರ್ಧ ಗಂಟೆ ಏನೂ ಸರಿಹೋಗಲಿಲ್ಲ. ಒಬ್ಬಳು ತಿರುಗಿ ಬೈದಳು, ನಗು ಜಾಸ್ತಿಯಾಯಿತು. ಒಬ್ಬ ಕಂಡಕ್ಟರ್‌ಗೆ ದೂರು ಕೊಟ್ಟ, ಕಂಡಕ್ಟರ್ ಟಿಕೆಟ್ ಹರಿಯುತ್ತಾ 'ಸುಮ್ನೆ ಕೂತ್ಕೊಳ್ಳಿ' ಅಂದ. ಆ ಮಾತು ಕೇಳಿ ನನಗೆ ಚುರುಕ್ ಅಂದಿತು. ನಮ್ಮ ಶಾಲೆಯಲ್ಲಿ ದಿನಕ್ಕೆ ಎಷ್ಟು ಸಲ ನಾವು ಇದೇ ಮಾತು ಹೇಳುತ್ತೇವೆ!

ಆಮೇಲೆ ನಕ್ಕವರಲ್ಲಿ ಒಬ್ಬನನ್ನು ಮುಂದೆ ಕುರ್ಚಿಯಲ್ಲಿ ಕೂರಿಸಿದೆ. ಅವನು ಪಾತ್ರದಲ್ಲೇ ಇರಬೇಕು, ಯಾರು ಏನು ಕೇಳಿದರೂ ಪಾತ್ರವಾಗಿಯೇ ಉತ್ತರಿಸಬೇಕು. ಒಬ್ಬಳು ಕೇಳಿದಳು, "ನೀನು ಯಾಕೆ ನಕ್ಕೆ? ಅವಳು ನಿನಗೇನು ಮಾಡಿದ್ಲು?" ಅವನು ಸ್ವಲ್ಪ ಹೊತ್ತು ಅಂಗಿಯ ಅಂಚು ತಿರುಚುತ್ತಾ ಕೂತ. "ಏನೂ ಮಾಡಿಲ್ಲ. ನಾನು ನಗದಿದ್ರೆ ನಾಳೆ ನನ್ನನ್ನೇ ಹಿಡ್ಕೋತಾರೆ."

ತರಗತಿ ಪೂರ್ತಿ ಸುಮ್ಮನಾಯಿತು. ಹೊರಗೆ ಹೆಂಚಿನ ನೀರು ಬೀಳುವ ಸದ್ದು ಮಾತ್ರ. ನಾನು ಒಂದು ಮಾತೂ ಸೇರಿಸಲಿಲ್ಲ. ಇಂಥ ಹೊತ್ತಿನಲ್ಲಿ ಟೀಚರ್ ಬಾಯಿ ಬಿಟ್ಟು ನೀತಿ ಹೇಳಿದರೆ ಎಲ್ಲ ಹಾಳಾಗುತ್ತದೆ ಅಂತ ನನ್ನ ನಂಬಿಕೆ.

ಮುಂದಿನ ಶನಿವಾರ ನಾನೂ ಪಾತ್ರವಾದೆ. ಶಿಕ್ಷಕರೇ ಪಾತ್ರದೊಳಗೆ ಹೋಗಿ ಕಲಿಸುವ ಈ ದಾರಿಯನ್ನು ಬೆಳೆಸಿದವರಲ್ಲಿ ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ ಮುಖ್ಯರು. ಶಾಲು ಹೊದ್ದು ಆ ಹುಡುಗಿಯ ಅಜ್ಜಿಯಾಗಿ ಬಂದು ಬಾಗಿಲಲ್ಲಿ ನಿಂತೆ. "ಮಕ್ಕಳೇ, ನನ್ನ ಮೊಮ್ಮಗಳು ಮೂರು ದಿನದಿಂದ ಸ್ಕೂಲಿಗೆ ಹೋಗಲ್ಲ ಅಂತಾಳೆ. ಕೇಳಿದ್ರೆ ಹೊಟ್ಟೆನೋವು ಅಂತಾಳೆ. ಇಲ್ಲಿ ಏನಾದ್ರೂ ಆಯ್ತಾ?" ಬೈಯುವ ಟೀಚರ್‌ಗೆ ಸುಳ್ಳು ಹೇಳಿ ಅವರಿಗೆ ಅಭ್ಯಾಸವಿತ್ತು. ಏನೂ ಗೊತ್ತಿಲ್ಲದ ಅಜ್ಜಿಗೆ ಏನು ಹೇಳುವುದು? ಒಬ್ಬಳು "ಅಜ್ಜಿ, ನಾವು ತಮಾಷೆಗೆ..." ಅಂತ ಶುರು ಮಾಡಿ ಅಲ್ಲೇ ನಿಲ್ಲಿಸಿದಳು.

ಒಂದು ಎಚ್ಚರ ಹೇಳಲೇಬೇಕು. ನಾಟಕದ ನಡುವೆ ಮಗು ತನ್ನದೇ ನೋವನ್ನು ಹೇಳಿಕೊಂಡರೆ ಆಟ ಅಲ್ಲಿಗೇ ನಿಲ್ಲಬೇಕು. ಪಕ್ಕಕ್ಕೆ ಕರೆದು ಕೇಳಿ, ಮುಖ್ಯ ಶಿಕ್ಷಕರಿಗೆ ತಿಳಿಸಿ. ವಿಷಯ ಗಂಭೀರವಾಗಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ನಮ್ಮ ಹುಡುಗ ಈ ಎರಡು ಶನಿವಾರವೂ ಮೂಲೆಯಲ್ಲಿ ಕೂತು ನೋಡುತ್ತಿದ್ದ. ನಾನು ಕರೆಯಲಿಲ್ಲ. ಮೈದಾನದ ಕೆಮ್ಮು ಕಮ್ಮಿಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಮೂರನೇ ಶನಿವಾರ ಅವನೇ ಬಂದು, "ಮಿಸ್, ಇವತ್ತು ಅಜ್ಜಿ ನಾನಾಗ್ತೀನಿ" ಅಂದ. ಶಾಲು ಕೊಟ್ಟೆ. ಸೊಂಟ ಬಗ್ಗಿಸಿ ನಡೆದುಬಂದು ಬಾಗಿಲಲ್ಲಿ ನಿಂತ. ಬಸ್ಸಿನ ವಿಷಯ ಎತ್ತಲೇ ಇಲ್ಲ. ಯಾರು ನಕ್ಕರು ಅಂತಲೂ ಕೇಳಲಿಲ್ಲ.

"ಮಧ್ಯಾಹ್ನ ಊಟಕ್ಕೆ ಅವಳು ಯಾರ ಪಕ್ಕ ಕೂತ್ಕೋತಾಳೆ?" ಅಂತ ಕೇಳಿದ.

ಯಾರಿಗೂ ಉತ್ತರ ಹೊಳೆಯಲಿಲ್ಲ. ಅವನು ದಿನಾ ಯಾರ ಪಕ್ಕ ಕೂರುತ್ತಾನೆ ಅಂತ ನನಗೂ ಗೊತ್ತಿರಲಿಲ್ಲ. ಈಗ ಬಿಸಿಯೂಟದ ಸಾಲಿಗೆ ಹೋದ ಕೂಡಲೇ ಮೊದಲು ನೋಡುವುದು ಅದನ್ನೇ.