ಮ್ಯೂಸಿಕ್ ಸರ್ವರ್ ತಗೊಳ್ಳುವ ಮೊದಲು ಅರ್ತಿಂಗ್ ಗುಂಡಿ ನೋಡಿ

ಹೋದ ವಾರ ಸೋಮವಾರಪೇಟೆಯಿಂದ ಸ್ನೇಹಿತರೊಬ್ಬರ ಮಗ ಫೋನ್ ಮಾಡಿದ್ದ. ಕಾಫಿಗೆ ಒಳ್ಳೆ ರೇಟ್ ಸಿಕ್ಕಿದೆಯಂತೆ. ಬೆಂಗಳೂರಿಗೆ ಹೋದವನು ಒಂದು ಮ್ಯೂಸಿಕ್ ಸರ್ವರ್ (ಹಾಡುಗಳನ್ನೆಲ್ಲ ಒಳಗಿಟ್ಟುಕೊಂಡು, ಮೊಬೈಲ್‌ನಲ್ಲಿ ಕೇಳಿದ್ದನ್ನು ಹುಡುಕಿ ಕೊಡುವ ಡಬ್ಬ) ನೋಡಿ ಮನಸ್ಸು ಕೊಟ್ಟು ಬಂದಿದ್ದಾನೆ. "ತಗೊಳ್ಳಲಾ ಅಂಕಲ್?" ಅಂತ ಕೇಳಿ ಬೆಲೆ ಹೇಳಿದ. ಆ ದುಡ್ಡಿಗೆ ನಾನು ಸೆಕೆಂಡ್ ಹ್ಯಾಂಡ್ ಜೀಪ್ ತಂದಿದ್ದೇನೆ.

"ಅದಿರಲಿ ಮಾರಾಯ, ನಿಮ್ಮನೆ ಅರ್ತಿಂಗ್ ಗುಂಡಿಗೆ ಕೊನೆ ಸಲ ನೀರು ಹಾಕಿದ್ದು ಯಾವಾಗ?" ಅಂದೆ.

ಅವನು ನಕ್ಕ. ನಾನೇನೂ ತಮಾಷೆ ಮಾಡಿರಲಿಲ್ಲ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ 700ರ ಹತ್ತಿರ ಸಿಡಿ, ಅಪ್ಪನ ಕಾಲದ ಎರಡು ಟ್ರಂಕ್ ಕ್ಯಾಸೆಟ್. ಇದುವರೆಗೆ ಎರಡು ಸರ್ವರ್ ಕೊಂಡಿದ್ದೇನೆ. ಎರಡನೆಯದು ಕೊಳ್ಳಬೇಕಾಗಿ ಬಂದದ್ದು ಮೊದಲನೆಯದು ಸತ್ತಿದ್ದರಿಂದ. ಆ ಕಥೆ ಮೊದಲು ಹೇಳಿಬಿಡುತ್ತೇನೆ.

ಏಪ್ರಿಲ್ ತಿಂಗಳು. ಹೂಮಳೆ ಮುಗಿದಿತ್ತು, ಎರಡನೇ ಮಳೆಗೆ ಕಾಯುತ್ತಿದ್ದೆವು. ಸಂಜೆ ನಾಲ್ಕಕ್ಕೆ ಮೋಡ ಕಪ್ಪಾಯಿತು, ಗುಡುಗು ಶುರು. ಇಲ್ಲಿ ಬೆಳೆದವರಿಗೆ ಇದು ಅಭ್ಯಾಸ. ಟಿವಿ ಪ್ಲಗ್ ಕಿತ್ತೆ, ಆಂಪ್ಲಿಫೈಯರ್ ಪ್ಲಗ್ ಕಿತ್ತೆ, ಸರ್ವರ್ ಪ್ಲಗ್ಗನ್ನೂ ಕಿತ್ತೆ. ನೆಮ್ಮದಿಯಾಗಿ ಜಗಲಿಯಲ್ಲಿ ಕೂತೆ. ಸಿಡಿಲು ಎಲ್ಲೋ ಕೆಳಗಿನ ಸಿಲ್ವರ್ ಓಕ್ ಸಾಲಿಗೆ ಹೊಡೆಯಿತು. ಮಾರನೇ ದಿನ ಸರ್ವರ್ ಆನ್ ಆಯಿತು, ಆದರೆ ಮೊಬೈಲ್‌ಗೆ ಕಾಣಿಸಲೇ ಇಲ್ಲ. ಹಿಂದೆ ಬಗ್ಗಿ ನೋಡಿದರೆ, ರೌಟರ್‌ನಿಂದ ಬರುವ ನೆಟ್ ಕೇಬಲ್ ಚುಚ್ಚುವ ಲ್ಯಾನ್ ಕಿಂಡಿಯ ಎರಡು ಪುಟ್ಟ ದೀಪಗಳು ಸತ್ತುಹೋಗಿದ್ದವು. ಸರ್ವರ್ ಪ್ಲಗ್ ಕಿತ್ತಿದ್ದೆ ನಿಜ, ರೌಟರ್ ಮಾತ್ರ ಇನ್ವರ್ಟರ್ ಲೈನಿನಲ್ಲಿ ಹಾಗೇ ಇತ್ತು. ಏಟು ಕರೆಂಟ್ ಲೈನಿಂದ ರೌಟರ್‌ಗೆ, ರೌಟರ್‌ನಿಂದ ಲ್ಯಾನ್ ಕೇಬಲ್ ಹಿಡಿದು ಸರ್ವರ್ ಹೊಟ್ಟೆಗೆ ಬಂದಿತ್ತು. ರಿಪೇರಿಗೆ ಹೊರದೇಶಕ್ಕೆ ಹೋದ ಡಬ್ಬ ವಾಪಸ್ ಬರಲು ನಾಲ್ಕೂವರೆ ತಿಂಗಳು. ಬಂದಾಗ ಬೋರ್ಡ್ ಸರಿಯಾಗಿತ್ತು, ಹಾರ್ಡ್ ಡಿಸ್ಕ್ ಖಾಲಿಯಾಗಿತ್ತು.

ಹಾಗಾಗಿ ನಮ್ಮ ಕಡೆ ಸರ್ವರ್ ಆರಿಸುವುದು ಅಂದರೆ ಮೊದಲು ಮನೆ ನೋಡುವುದು, ಆಮೇಲೆ ಸಾಫ್ಟ್‌ವೇರ್ ನೋಡುವುದು, ಕೊನೆಗೆ ಡಬ್ಬ. ಅಂಗಡಿಯವರು ಇದನ್ನು ತಲೆಕೆಳಗಾಗಿ ಹೇಳುತ್ತಾರೆ.

ಅರ್ತಿಂಗ್‌ನಿಂದ ಶುರು ಮಾಡಿ. ಸಿಡಿಲು ಜಾಸ್ತಿ ಇರುವುದು ಮುಂಗಾರಿಗೆ ಮೊದಲು, ಮಣ್ಣು ಒಣಗಿ ಬಿರಿದಿರುವ ಕಾಲದಲ್ಲಿ. ಒಣ ಮಣ್ಣಿನಲ್ಲಿ ಅರ್ತ್ ಸರಿಯಾಗಿ ಹಿಡಿಯುವುದಿಲ್ಲ (ಗುಂಡಿಗೆ ನೀರು ಹಾಕುವುದು ಅದಕ್ಕೇ). ನಮಗೆ ಅದು ಬೇಕೇ ಬೇಕಾದಾಗಲೇ ಕೈಕೊಡುತ್ತದೆ, ನೋಡಿ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಾಕಿ ಅಳೆಸಿ. 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಬೋರ್ಡಿನಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಲೈನಿನಲ್ಲಿ ನುಗ್ಗುವ ಏಟನ್ನು ಅರ್ತ್ ಕಡೆಗೆ ತಿರುಗಿಸುವುದು ಅದು. ಅರ್ತಿಂಗ್ ಸರಿಯಿಲ್ಲದಿದ್ದರೆ ಅದೂ ಸುಮ್ನೆ ಅಲಂಕಾರಕ್ಕೆ.

ಆಮೇಲೆ ರೌಟರ್ ಮತ್ತು ಸರ್ವರ್ ನಡುವಿನ ತಾಮ್ರದ ಸಂಬಂಧ ಕಡಿದುಹಾಕಿ. ಮೀಡಿಯಾ ಕನ್ವರ್ಟರ್ ಅಂತ ಸಿಗುತ್ತದೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ರೌಟರ್ ಕಡೆ ಒಂದು, ಸರ್ವರ್ ಕಡೆ ಒಂದು, ನಡುವೆ ಗಾಜಿನ ಫೈಬರ್ ಕೇಬಲ್. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಎರಡೂ ಕನ್ವರ್ಟರ್‌ಗಳ ಅಡಾಪ್ಟರ್ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಚುಚ್ಚಬೇಡಿ. ಹಾಗೆ ಮಾಡಿದರೆ ಕಡಿದ ಸಂಬಂಧ ಹಿಂಬಾಗಿಲಿನಿಂದ ಮತ್ತೆ ಸೇರುತ್ತದೆ. ಕೆಲವು ದುಬಾರಿ ಸರ್ವರ್‌ಗಳಲ್ಲಿ ಫೈಬರ್ ನೇರವಾಗಿ ಚುಚ್ಚುವ ಎಸ್‌ಎಫ್‌ಪಿ ಕಿಂಡಿ ಇರುತ್ತದೆ. ಸೌಂಡ್ ಚೆನ್ನಾಗಿರುತ್ತದೆ ಅಂತ ಹೇಳಿ ಮಾರುತ್ತಾರೆ. ನಾನು ಸಿಡಿಲಿಗಾಗಿ ಅದನ್ನು ಕೇಳಿ ತಗೊಂಡೆ.

ಸರ್ವರ್ ಅಂದರೆ ಕಂಪ್ಯೂಟರೇ. ಹಾಡುಗಳ ಪಟ್ಟಿ ಬರೆಯುತ್ತಿರುವಾಗ ಕರೆಂಟ್ ಹೋದರೆ ಪಟ್ಟಿ ಕೆಡುತ್ತದೆ. ನಮ್ಮಲ್ಲಿ ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಒಮ್ಮೊಮ್ಮೆ ಮೂರು ದಿನ ಕತ್ತಲೆ. ಹೆಚ್ಚಿನ ಸರ್ವರ್‌ಗಳು ಒಂದು ಹಳೇ ಟ್ಯೂಬ್‌ಲೈಟ್ ಎಳೆಯುವಷ್ಟು ಕರೆಂಟೂ ಎಳೆಯುವುದಿಲ್ಲ, ಆದ್ದರಿಂದ ಸಣ್ಣ ಯುಪಿಎಸ್ ಸಾಕು. ಆದರೆ ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನಷ್ಟೇ ನಯವಾದ ಕರೆಂಟ್ ಕೊಡುವುದೇ ಆಗಬೇಕು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಾಕಿದರೆ ಸ್ಪೀಕರ್‌ನಲ್ಲಿ ಜೀರುಂಡೆ ಕೂಗಿದ ಹಾಗೆ ಕೇಳುತ್ತದೆ. ಹೊರಗೆ ನಿಜವಾದ ಜೀರುಂಡೆಗಳು ಸಾಕಷ್ಟಿವೆ.

ತೇವದ ವಿಷಯಕ್ಕೆ ಬಂದರೆ, ಫ್ಯಾನ್ ಇಲ್ಲದ, ಮೇಲ್ಗಡೆ ತೂತುಗಳಿಲ್ಲದ ಡಬ್ಬ ಆರಿಸಿ. ಬೆಚ್ಚಗಿರುವ ಜಾಗ ಅಂದರೆ ಇರುವೆಗೆ ಅರಮನೆ, ಹಲ್ಲಿಗೆ ಬಾಣಂತಿ ಕೋಣೆ. ಪಕ್ಕದ ಎಸ್ಟೇಟಿನ ರೈಟರ್ ಮನೆಯಲ್ಲಿ ಆಂಪ್ಲಿಫೈಯರ್ ಒಳಗೆ ಹಲ್ಲಿ ಸತ್ತು ಶಾರ್ಟ್ ಆಗಿದ್ದನ್ನು ನಾನೇ ನೋಡಿದ್ದೇನೆ. ಮಳೆಗಾಲದಲ್ಲಿ ಸರ್ವರ್ ಆಫ್ ಮಾಡಿ ಇಡಬೇಡಿ. ಹಿಂದೆ ಬೀರುವಿನಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಬಲ್ಬ್ ಉರಿಸಿಡುತ್ತಿದ್ದೆವಲ್ಲ, ಅದೇ ಉಪಾಯ. ಆನ್ ಇದ್ದರೆ ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಗುಡುಗಿದಾಗ ಮಾತ್ರ ಮೊಬೈಲ್‌ನಿಂದ ಶಟ್‌ಡೌನ್ ಮಾಡಿ, ಆಮೇಲೆ ಪ್ಲಗ್ ಕೀಳಿ, ರೌಟರ್‌ದೂ ಸೇರಿಸಿ.

ಈಗ ಸಾಫ್ಟ್‌ವೇರ್. ಸರ್ವರ್ ಮಾಡುವ ಕೆಲಸ ಮೂರೇ: ಹಾಡು ಇಟ್ಟುಕೊಳ್ಳುವುದು, ಕೇಳಿದ್ದನ್ನು ಹುಡುಕಿ ಕೊಡುವುದು, ಡ್ಯಾಕ್‌ಗೆ ಕಳಿಸುವುದು. ಅಂಕಿಯನ್ನು ಸದ್ದಾಗಿಸುವುದು ಡ್ಯಾಕ್. ಮೂರರಲ್ಲಿ ನಿಮ್ಮ ತಾಳ್ಮೆ ಪರೀಕ್ಷಿಸುವುದು ನಡುವಿನದು.

ನನ್ನ ಹತ್ತಿರ ಭಾವಗೀತೆಗಳ ಸಿಡಿ ತುಂಬಾ ಇವೆ. ಸಿ. ಅಶ್ವತ್ಥ್ ಹಾಡಿದ್ದು ಒಂದು, ಅವರು ರಾಗ ಹಾಕಿ ಬೇರೆಯವರು ಹಾಡಿದ್ದು ಇನ್ನೊಂದು. ಕವಿ ಬೇಂದ್ರೆಯೋ ಕುವೆಂಪುವೋ ಅನ್ನುವುದು ಮೂರನೆಯದು. ಇಂಗ್ಲಿಷ್ ಪಾಪ್ ಹಾಡಿಗೆ ಮಾಡಿದ ಆ್ಯಪ್‌ಗೆ ಆರ್ಟಿಸ್ಟ್ ಅಂತ ಒಬ್ಬನೇ ಗೊತ್ತು. ಕರ್ನಾಟಕ ಸಂಗೀತ ಬಂದರೆ ಇನ್ನೂ ಕಷ್ಟ. "ಕಲ್ಯಾಣಿಯಲ್ಲಿ ಏನೇನಿದೆ ತೋರಿಸು" ಅಂದರೆ ತೋರಿಸಬೇಕು ತಾನೇ? ಅದಕ್ಕೆ ರಾಗ ಅಂತ ನಾವೇ ಒಂದು ಹೊಸ ಟ್ಯಾಗ್ (ಹಾಡಿನ ವಿವರ ಬರೆದಿಡುವ ಚೀಟಿ) ಸೇರಿಸಿದರೆ ಆ್ಯಪ್ ಅದನ್ನು ಓದುತ್ತದಾ ಅಂತ ಕೇಳಿ. ಅಂಗಡಿಯವನು ತಡಬಡಾಯಿಸಿದರೆ ಓದುವುದಿಲ್ಲ ಅಂತಲೇ ಲೆಕ್ಕ.

ಕನ್ನಡ ಅಕ್ಷರವನ್ನೂ ಅಲ್ಲೇ ನೋಡಿ. ಕೆಲವು ಸರ್ವರ್‌ಗಳ ಮುಂದಿನ ಸ್ಕ್ರೀನಿನಲ್ಲಿ ಕನ್ನಡ ಹೆಸರು ಬಂದರೆ ಖಾಲಿ ಚೌಕಗಳ ಸಾಲು ಕಾಣುತ್ತದೆ. ಕೆಲವದರಲ್ಲಿ ಒತ್ತಕ್ಷರ ಕಿತ್ತುಕೊಂಡು ಪಕ್ಕದಲ್ಲಿ ಕೂರುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ಪಾಡು ತಪ್ಪಿದ್ದಲ್ಲ. ಸಿಡಿ ರಿಪ್ ಮಾಡುವಾಗ, ಅಂದರೆ ಅದರ ಹಾಡುಗಳನ್ನು ಫೈಲ್ ಆಗಿ ಇಳಿಸಿಕೊಳ್ಳುವಾಗ, ಇಂಟರ್ನೆಟ್ಟಿನಿಂದ ಬರುವ ಹೆಸರುಗಳಲ್ಲಿ ಒಂದೇ ಗಾಯಕರ ಸ್ಪೆಲ್ಲಿಂಗ್ ಮೂರು ಥರ ಇರುತ್ತದೆ. ನನ್ನ ಲೈಬ್ರರಿಯಲ್ಲಿ ಒಂದು ಕಾಲಕ್ಕೆ ಮೂವರು ಅಶ್ವತ್ಥ್ ಇದ್ದರು. ಮೂರು ಕಡೆ ಬರೆದಿದ್ದನ್ನು ಒಂದೇ ಸಲಕ್ಕೆ ತಿದ್ದಲು ಆ್ಯಪ್‌ನಲ್ಲಿ ದಾರಿ ಇರಬೇಕು. ಇಲ್ಲದಿದ್ದರೆ ಎರಡು ಮಳೆಗಾಲ ಅದಕ್ಕೇ ಹೋಗುತ್ತದೆ. ನನಗೆ ಹೋಯಿತು. ಪಕ್ಕದ ಕೊಡವ ಮನೆಯ ಮದುವೆಯಲ್ಲಿ ಅಪ್ಪ ಕ್ಯಾಸೆಟ್‌ಗೆ ಹಿಡಿದಿದ್ದ ವಾಲಗ ಮತ್ತು ದುಡಿ ಹಾಡುಗಳಿಗಂತೂ ಯಾವ ಇಂಟರ್ನೆಟ್ಟೂ ಹೆಸರು ಕೊಡುವುದಿಲ್ಲ, ಕೈಯಲ್ಲೇ ಬರೆಯಬೇಕು.

ಯಾವ ಸಾಫ್ಟ್‌ವೇರ್ ಅಂದರೆ, ನೋಡಲು ಸೊಗಸಾಗಿರುವುದು ರೂನ್. 2015ರಲ್ಲಿ ಬಂತು, 2023ರಲ್ಲಿ ಹರ್ಮನ್ ಕಂಪನಿ ಅದನ್ನು ಕೊಂಡಿತು. ಲೈಸೆನ್ಸ್‌ಗೆ ಬೇರೆ ದುಡ್ಡು ಕೊಡಬೇಕು, ಇಂಟರ್ನೆಟ್ ಮೇಲೆ ಅವಲಂಬನೆ ಜಾಸ್ತಿ. ನೆಟ್ ಎರಡು ದಿನ ಹೋದರೆ ಏನೇನು ಕೆಲಸ ಮಾಡುತ್ತದೆ ಅಂತ ಕೇಳುವುದಲ್ಲ, ಅಂಗಡಿಯಲ್ಲೇ ನೆಟ್ ಕೇಬಲ್ ಕೀಳಿಸಿ ನೋಡಿ. ಕೊರಿಯಾದ ಔರೆಂಡರ್, ಪೋರ್ಚುಗಲ್‌ನ ಇನ್ನುವೋಸ್, ಇಂಗ್ಲೆಂಡಿನ ನೈಮ್ ಇವರಿಗೆಲ್ಲ ತಮ್ಮದೇ ಆ್ಯಪ್ ಇದೆ. ಇನ್ನು ಪುಕ್ಕಟೆ ಸಿಗುವುದು ಲೈರಿಯನ್. ಸ್ಕ್ವೀಜ್‌ಬಾಕ್ಸ್ ಅಂತ ಒಂದು ಪ್ಲೇಯರ್ ಇತ್ತು, ನೆನಪಿದೆಯಾ? ಲಾಜಿಟೆಕ್ ಅದನ್ನು 2012ರಲ್ಲಿ ಕೈಬಿಟ್ಟಿತು. ಬಳಸುವವರು ಬಿಡಲಿಲ್ಲ, ಅದರ ಸಾಫ್ಟ್‌ವೇರನ್ನು ತಾವೇ ಸಾಕುತ್ತಾ ಬಂದರು, ಈಗ ಲೈರಿಯನ್ ಅನ್ನುವ ಹೆಸರಲ್ಲಿ ಗಟ್ಟಿಯಾಗಿದೆ. ನೋಡಲು ಚೆಂದವಿಲ್ಲ. ಹೇಳಿದ ಕೆಲಸ ಮಾತ್ರ ಮಾಡುತ್ತದೆ. ಡಬ್ಬ ಮಾಡಿದ ಕಂಪನಿ ನಾಳೆ ಬಾಗಿಲು ಹಾಕಿದರೂ ನಿಮ್ಮ ಹಾಡುಗಳು ಬೇರೆ ಕಡೆ ಓಡುವಂತಿರಬೇಕು. ಅದಕ್ಕೆ ಎಲ್ಲ ಕಡೆ ಓಡುವ ಸಾಮಾನ್ಯ ಫ್ಲ್ಯಾಕ್ ಅನ್ನುವ ಥರದ ಫೈಲ್‌ಗಳಾಗಿ, ಹೆಸರು ಟ್ಯಾಗ್ ಫೈಲಿನೊಳಗೇ ಬರೆದಿಡುವ ಸರ್ವರನ್ನೇ ತಗೊಳ್ಳಿ. ಟ್ಯಾಗನ್ನು ತನ್ನ ಹೊಟ್ಟೆಯಲ್ಲಿ ಮಾತ್ರ ಬಚ್ಚಿಟ್ಟುಕೊಳ್ಳುವುದು ಬೇಡ.

ಟೈಡಲ್, ಕೋಬಜ್ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಇವು ಚಂದಾ ಕೊಟ್ಟು ಇಂಟರ್ನೆಟ್ಟಿನಲ್ಲಿ ಹಾಡು ಕೇಳುವ ಸೇವೆಗಳು. ನಮ್ಮ ವಿಳಾಸಕ್ಕೆ ಖಾತೆ ತೆರೆಯಲು ಬಿಡುತ್ತವಾ ಅಂತ ನೋಡದೆ ಅದಕ್ಕೆ ದುಡ್ಡು ಕೊಡಬೇಡಿ.

ಜಾಗದ ಲೆಕ್ಕ ಸುಲಭ. ಸಿಡಿಯಲ್ಲಿ ಒಂದು ನಿಮಿಷದ ಸಂಗೀತ ಅಂದರೆ ಸುಮಾರು 10 ಎಂಬಿ. ಫ್ಲ್ಯಾಕ್ ಮಾಡಿದರೆ ಹತ್ತಿರಹತ್ತಿರ ಅರ್ಧ ಆಗುತ್ತದೆ, ಒಂದಿಷ್ಟೂ ಕಳೆದುಹೋಗುವುದಿಲ್ಲ. ನನ್ನ 700 ಸಿಡಿ 250 ಜಿಬಿಯಲ್ಲಿ ಕೂತಿವೆ. ಆದ್ದರಿಂದ 8 ಟಿಬಿ ಬೇಕೇ ಬೇಕು ಅನ್ನುವ ಮಾತಿಗೆ ಮರುಳಾಗಬೇಡಿ. 2 ಟಿಬಿ ಎಸ್‌ಎಸ್‌ಡಿ ತಗೊಳ್ಳಿ. ತಿರುಗುವ ಡಿಸ್ಕ್ ಆದರೆ ನಮ್ಮ ಕಡೆಯ ರಾತ್ರಿಯ ಮೌನದಲ್ಲಿ ಅದರ ಕಿರುಕುರು ಕೇಳುತ್ತದೆ. ಉಳಿದ ದುಡ್ಡಿಗೆ ಎರಡು ಸಾದಾ ಯುಎಸ್‌ಬಿ ಡಿಸ್ಕ್ ತನ್ನಿ. ಒಂದು ಬೀರುವಿನಲ್ಲಿರಲಿ, ಇನ್ನೊಂದು ಬೇರೆ ಊರಲ್ಲಿ. ನನ್ನದು ಮೈಸೂರಿನಲ್ಲಿ ತಂಗಿ ಮನೆಯಲ್ಲಿದೆ. ಎರಡು ಡಿಸ್ಕ್ ಒಳಗೇ ಜೋಡಿ ಇವೆ ಅಂತ ಅಂಗಡಿಯವರು ಹೇಳಬಹುದು. ಸಿಡಿಲಿಗೆ ಅವೆರಡೂ ಒಂದೇ.

ಸಿಡಿ ರಿಪ್ ಮಾಡುವ ಡ್ರೈವ್ ಸರ್ವರ್‌ನಲ್ಲೇ ಇದ್ದರೆ ಅನುಕೂಲ. ಅಕ್ಯುರೇಟ್‌ರಿಪ್ ಇದೆಯಾ ನೋಡಿ, ನಿಮ್ಮ ರಿಪ್ಪನ್ನು ಬೇರೆಯವರು ಮಾಡಿದ್ದರ ಜೊತೆ ತಾಳೆ ನೋಡುತ್ತದೆ. ಬೂಷ್ಟು ಹಿಡಿದ ಸಿಡಿಯನ್ನು ಹಾಗೇ ಒಳಗೆ ತಳ್ಳಬೇಡಿ. ಸೋಪಿನ ನೀರಿನಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಒಣಗಿಸಿ, ಆಮೇಲೆ ಹಾಕಿ.

ಸೌಂಡ್ ಬಗ್ಗೆ ಕೊನೆಗೆ ಹೇಳುತ್ತಿದ್ದೇನೆ, ಬೇಕೆಂದೇ. ಹೊಸ ಸರ್ವರ್ ಬಂದ ತಿಂಗಳು ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಒಂದೇ ಡ್ಯಾಕ್. ಅದಕ್ಕೆ ಒಂದು ಕಡೆಯಿಂದ ಲಕ್ಷಗಟ್ಟಲೆಯ ಸರ್ವರ್, ಇನ್ನೊಂದು ಕಡೆಯಿಂದ ರಾಸ್‌ಬೆರಿ ಪೈ ಅನ್ನುವ ಅಂಗೈಯಗಲದ ಅಗ್ಗದ ಕಂಪ್ಯೂಟರ್. ಹೆಂಡತಿ ಹಿಂದೆ ನಿಂತು ಚೀಟಿ ಎತ್ತಿ ಬದಲಾಯಿಸುವುದು, ನಾನು ಕಣ್ಣು ಮುಚ್ಚಿ ಯಾವುದು ಅಂತ ಹೇಳುವುದು. 20 ಸಲದಲ್ಲಿ 11 ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. "ಇದಕ್ಕಾ ಅಷ್ಟು ದುಡ್ಡು?" ಅಂತ ಅವಳು ಕೇಳಲಿಲ್ಲ, ಲೋಟ ತೊಳೆಯಲು ಹೋದಳು. ಅದು ಇನ್ನೂ ಕಷ್ಟ.

ಲ್ಯಾಪ್‌ಟಾಪ್ ಹಾಕಿದಾಗ ಬರುತ್ತಿದ್ದ ಗುಂಯ್ ಸದ್ದು ಸರ್ವರ್‌ನಲ್ಲಿ ಇಲ್ಲ, ಅದು ನಿಜವಾದ ಲಾಭ. ನಾನು ದುಬಾರಿಯದನ್ನು ಇಟ್ಟುಕೊಂಡದ್ದು ಆ್ಯಪ್‌ಗಾಗಿ, ಒಳಗೇ ಇರುವ ಸಿಡಿ ಡ್ರೈವ್‌ಗಾಗಿ, ಮತ್ತೆ ಫೋನ್ ಮಾಡಿದರೆ ಬೆಂಗಳೂರಿನಲ್ಲಿ ಒಬ್ಬರು ಎತ್ತುತ್ತಾರೆ ಅನ್ನುವುದಕ್ಕಾಗಿ. ಬಜೆಟ್ ಬಿಗಿಯಿದ್ದರೆ ಪೈ ತಗೊಳ್ಳಿ, ಉಳಿದದ್ದನ್ನು ಸ್ಪೀಕರ್‌ಗೆ ಹಾಕಿ. ಸ್ಪೀಕರ್ ಬದಲಾದರೆ ಕಣ್ಣು ಮುಚ್ಚದೆಯೂ ಗೊತ್ತಾಗುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಪೆನ್‌ಡ್ರೈವ್ ಇರಲಿ. ಅವರ ಜಾಜ್ ಹಾಡು ಎಲ್ಲದರಲ್ಲೂ ಚೆನ್ನಾಗಿಯೇ ಕೇಳುತ್ತದೆ. ಕನ್ನಡದಲ್ಲಿ ಹೆಸರಿರುವ ಹತ್ತು ಹಾಡು ಹಾಕಿಕೊಳ್ಳಿ. ಒಂದು ಕಛೇರಿ ಇರಲಿ, ಆಲಾಪನೆ ಮುಗಿದು ಕೃತಿ ಶುರುವಾಗುವ ಕಡೆ ಟ್ರ್ಯಾಕ್ ಬದಲಾಗುವಂಥದ್ದು. ಅಲ್ಲಿ ತಂಬೂರಿ ಒಂದು ಕ್ಷಣ ಕಡಿದರೂ ಆ ಸರ್ವರ್ ಬೇಡ. ರಿಪೇರಿ ಎಲ್ಲಿ ಮಾಡುತ್ತೀರಿ, ಅಷ್ಟು ದಿನ ಬೇರೆ ಡಬ್ಬ ಕೊಡುತ್ತೀರಾ ಅಂತ ಕೇಳಿ, ಹೇಳಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಾನು ಮೊದಲ ಸಲ ಬರೆಸಿಕೊಂಡಿರಲಿಲ್ಲ.

ಇದನ್ನೆಲ್ಲ ಹುಡುಗನಿಗೆ ಒಂದು ಗಂಟೆ ಹೇಳಿದ್ದೆ. ನಿನ್ನೆ ಮತ್ತೆ ಫೋನ್ ಮಾಡಿದ್ದ. ಸರ್ವರ್ ಇನ್ನೂ ತಗೊಂಡಿಲ್ಲ. ಅರ್ತಿಂಗ್ ಗುಂಡಿ ಎರಡು ದಿನ ಹುಡುಕಿದರಂತೆ. ಅವರಪ್ಪ ಹತ್ತು ವರ್ಷದ ಹಿಂದೆ ಅದರ ಮೇಲೇ ಜೀಪ್ ಶೆಡ್ ಕಟ್ಟಿಸಿ ಸಿಮೆಂಟ್ ಹಾಕಿಸಿದ್ದಾರಂತೆ.