ದಿನಪತ್ರಿಕೆ ಕ್ರಾಸ್‌ವರ್ಡ್ ವಿಮರ್ಶೆ ಮಾಡೋದು ಹೇಗೆ: ಥೀಮ್ ಕೊಟ್ಟಿದ್ದೆಷ್ಟು, ಕಿತ್ಕೊಂಡಿದ್ದೆಷ್ಟು

ಕ್ರಾಸ್‌ವರ್ಡ್ ಮುಗಿಸಿದ ತಕ್ಷಣ "ಇವತ್ತಿಂದು ಸೂಪರ್", "ಇವತ್ತಿಂದು ಬೋರು" ಅಂತ ಎಲ್ರೂ ಹೇಳ್ತಾರೆ, ಯಾಕೆ ಅಂತ ಕೇಳಿದ್ರೆ ಮಾತ್ರ "ಕಷ್ಟ ಇತ್ತಪ್ಪ" ಅನ್ನೋದ್ರಲ್ಲೇ ನಿಂತುಬಿಡ್ತಾರೆ. ಕಷ್ಟ, ಸುಲಭ ಎಲ್ಲಾ ಅವರವರ ಓದು, ಅಭ್ಯಾಸದ ಮೇಲೆ ಹೋಗುತ್ತೆ. ನನಗೆ ಮುಖ್ಯ ಅನ್ಸೋ ಪ್ರಶ್ನೆ ಒಂದೇ: ಥೀಮ್ (ಅಂದ್ರೆ ಪಜಲ್‌ನ ಉದ್ದ ಪದಗಳನ್ನೆಲ್ಲಾ ಒಂದೇ ದಾರದಲ್ಲಿ ಪೋಣಿಸೋ ಐಡಿಯಾ) ಕೊಟ್ಟ ಖುಷಿಗೂ, ಅದಕ್ಕೋಸ್ಕರ ಗ್ರಿಡ್‌ನ ಉಳಿದ ಪದಗಳು ತೆತ್ತ ಬೆಲೆಗೂ ತಾಳೆ ಆಯ್ತಾ? ಇಲ್ಲಿ ಹೇಳ್ತಿರೋದು ಅಮೆರಿಕದ ಪತ್ರಿಕೆಗಳಲ್ಲಿ ಬರೋ ಥೀಮ್ ಕ್ರಾಸ್‌ವರ್ಡ್ ಬಗ್ಗೆ, ನ್ಯೂಯಾರ್ಕ್ ಟೈಮ್ಸ್‌ದು ಅದರಲ್ಲಿ ಎಲ್ಲರಿಗೂ ಗೊತ್ತಿರೋದು.

ಮೊದಲ್ನೇದು, ಬಿಡಿಸ್ತಾ ಇರುವಾಗ್ಲೇ ಗುರುತು ಹಾಕ್ಕೊಳಿ. ಸಿಕ್ಕಾಕೊಂಡ ಕಡೆ ಒಂದು ಚುಕ್ಕೆ, ನಗು ಬಂದ ಕ್ಲೂ ಪಕ್ಕ ಒಂದು ಟಿಕ್, ಉತ್ತರ ಬಂದಮೇಲೂ "ಇದೇನಿದು" ಅನ್ಸಿದ್ರೆ ಪ್ರಶ್ನೆ ಚಿಹ್ನೆ. ಪೂರ್ತಿ ತುಂಬಿದ ಗ್ರಿಡ್ ನೋಡ್ತಾ ಕೂತ್ರೆ ಎಲ್ಲಾ ಸಲೀಸಾಗೇ ಕಾಣುತ್ತೆ, ಎಲ್ಲಿ ತಡಕಾಡಿದ್ವಿ ಅನ್ನೋದು ಹತ್ತು ನಿಮಿಷಕ್ಕೇ ಮರ್ತೋಗಿರುತ್ತೆ.

ಆಮೇಲೆ ಪಜಲ್ ಕಟ್ಟೋರ ಮೇಲೆ ಏನೇನು ಕಟ್ಟುಪಾಡು ಇದೆ ಅಂತ ನೆನಪಿರ್ಲಿ. ವಾರದ ದಿನಗಳಲ್ಲಿ ಗ್ರಿಡ್ ಸಾಮಾನ್ಯವಾಗಿ 15 ಮನೆ ಅಗಲ 15 ಮನೆ ಉದ್ದ, ಭಾನುವಾರದ್ದು 21. ಗ್ರಿಡ್ಡನ್ನ ತಲೆಕೆಳಗಾಗಿ ತಿರುಗಿಸಿದ್ರೂ ಕಪ್ಪು ಮನೆಗಳ ವಿನ್ಯಾಸ ಹಾಗೇ ಇರ್ಬೇಕು, ಮೂರಕ್ಷರಕ್ಕಿಂತ ಚಿಕ್ಕ ಪದ ಇರೋ ಹಾಗಿಲ್ಲ, ಪ್ರತಿ ಅಕ್ಷರವೂ ಅಡ್ಡ ಒಂದು ಪದದಲ್ಲಿ ಉದ್ದ ಒಂದು ಪದದಲ್ಲಿ ಸೇರಿರ್ಬೇಕು. ಥೀಮ್ ಇರೋ 15 ಮನೆಯ ಗ್ರಿಡ್‌ಗೆ ಟೈಮ್ಸ್‌ನಲ್ಲಿ 78 ಪದದ ಮಿತಿ, ಥೀಮ್ ಇಲ್ಲದ ಶುಕ್ರವಾರ ಶನಿವಾರದ್ದಕ್ಕೆ 72. ಅಂದ್ರೆ ಥೀಮ್ ಪದ ಒಂದು ಹತ್ತಕ್ಷರದ್ದು ಮೇಲ್ಗಡೆ ಕೂತ್ರೆ ಅದರ ಜೋಡಿ ಇನ್ನೊಂದು ಹತ್ತಕ್ಷರದ್ದು ಕೆಳಗಡೆ ಬೇಕೇ ಬೇಕು, ಅವೆರಡೂ ಕೂತ ಮೇಲೆ ಅವನ್ನ ಹಾದುಹೋಗೋ ಎಲ್ಲಾ ಪದಗಳಿಗೂ ಒಂದೊಂದು ಅಕ್ಷರ ಆಗ್ಲೇ ಫಿಕ್ಸ್ ಆಗೋಗಿರುತ್ತೆ, ಆ ಇಕ್ಕಟ್ಟಲ್ಲೇ ಉಳಿದಿದ್ದೆಲ್ಲಾ ತುಂಬಬೇಕು.

ಈಗ ಥೀಮ್. ಇಲ್ಲಿ ನಿಧಾನ ಮಾಡಿ, ವಿಮರ್ಶೆಯ ಜೀವ ಇರೋದೇ ಇಲ್ಲಿ. ನಾನೇ ಒಂದು ಉದಾಹರಣೆ ಕಟ್ತೀನಿ: ಉದ್ದ ಪದಗಳು ‘ಬ್ಯಾಕ್‌ಪ್ಯಾಕರ್’, ‘ಸ್ಕ್ರೀನ್‌ಪ್ಲೇ’, ‘ಫ್ರಂಟ್‌ರನ್ನರ್’, ಕೊನೆಗೆ ಗುಟ್ಟು ಬಿಟ್ಟುಕೊಡೋ ರಿವೀಲರ್ ‘ಓಪನ್ ಡೋರ್ಸ್’. ಪ್ರತಿ ಪದ ಶುರುವಾಗೋ ಭಾಗದ ಮುಂದೆ ಡೋರ್ ಸೇರಿಸ್ಬೋದು: ಬ್ಯಾಕ್ ಡೋರ್, ಸ್ಕ್ರೀನ್ ಡೋರ್, ಫ್ರಂಟ್ ಡೋರ್. ನೋಡೋಕೆ ಅಚ್ಚುಕಟ್ಟು. ಆದ್ರೆ ಒಂದೊಂದೇ ಎತ್ತಿ ನೋಡಿ. ಬ್ಯಾಕ್‌ಪ್ಯಾಕರ್‌ನಲ್ಲಿ ಬ್ಯಾಕ್ ಅಂದ್ರೆ ಬೆನ್ನು, ಬಾಗಿಲಿಗೆ ಸೇರಿದಾಗ ಹಿಂದುಗಡೆ. ಸ್ಕ್ರೀನ್‌ಪ್ಲೇನಲ್ಲಿ ಸಿನಿಮಾ ತೆರೆ, ಬಾಗಿಲಲ್ಲಿ ಜಾಲರಿ. ಎರಡೂ ಕಡೆ ಅರ್ಥ ಪಲ್ಟಿ ಹೊಡೀತು, ಮಜಾ ಬಂತು. ಫ್ರಂಟ್‌ರನ್ನರ್‌ನಲ್ಲಿ ಮಾತ್ರ ಫ್ರಂಟ್ ಅಂದ್ರೆ ಮುಂದೆ, ಬಾಗಿಲಲ್ಲೂ ಮುಂದೇನೇ, ಇದು ಸಪ್ಪೆ. ಅದರ ಬದಲು ‘ಟ್ರಪೀಜ್ ಆರ್ಟಿಸ್ಟ್’ ಹಾಕಿದ್ರೆ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರದಲ್ಲಿ ‘ಟ್ರ್ಯಾಪ್’ ಅಡಗಿದೆ (ಟ್ರ್ಯಾಪ್ ಡೋರ್), ಖುಷಿ ಜಾಸ್ತಿ, ಆದ್ರೆ ಬೇರೆ ಎರಡರಲ್ಲಿ ಇಡೀ ಪದವೇ ಎದುರಿಗಿದ್ದು ಇದರಲ್ಲಿ ಮಾತ್ರ ಪದದೊಳಗೆ ಬಚ್ಚಿಟ್ಟಿರೋದ್ರಿಂದ ಏಕರೂಪತೆ ಕೆಡುತ್ತೆ. ಇನ್ನೊಂದು, ಡೋರ್ ಜೊತೆ ಕೂಡೋ ಪದ ಬೇಕಾದಷ್ಟಿವೆ, ಸ್ಟೇಜ್, ಕಾರ್, ಗ್ಯಾರೇಜ್, ಸೆಲ್ಲರ್. ಹಾಗಾದ್ರೆ ಈ ಮೂರೇ ಯಾಕೆ? ಉತ್ತರ ಇಲ್ಲದಿದ್ರೆ ಥೀಮ್ ಸಡಿಲ ಅಂತ ಬರೀಬೋದು. ರಿವೀಲರ್ ಇಲ್ದೇ ಇದ್ರೂ ಥೀಮ್ ಹೊಳೀತಿತ್ತಾ, ಹೊಳೆದಿದ್ದು ಮುಂದಿನ ಪದ ಬಿಡಿಸೋಕೆ ಉಪಯೋಗಕ್ಕೆ ಬಂತಾ ಅನ್ನೋದನ್ನೂ ಸೇರಿಸಿ.

ಥೀಮ್ ತನ್ನ ಬೆಲೆಗೆ ಪೂರ್ತಿ ನ್ಯಾಯ ಮಾಡಿದ್ದು ಹೇಗಿರುತ್ತೆ ಅಂತ ನೋಡ್ಬೇಕಂದ್ರೆ 1996ರ ನವೆಂಬರ್ 5ರ ಟೈಮ್ಸ್ ಪಜಲ್, ಜೆರೆಮಯಾ ಫ್ಯಾರೆಲ್ ಕಟ್ಟಿದ್ದು. ಅವತ್ತು ಅಮೆರಿಕದ ಅಧ್ಯಕ್ಷ ಚುನಾವಣೆ, ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ ಏನು ಅನ್ನೋ ಕ್ಲೂಗೆ ‘ಕ್ಲಿಂಟನ್ ಎಲೆಕ್ಟೆಡ್’ ಅಂತಾನೂ ತುಂಬಬಹುದಿತ್ತು, ‘ಬಾಬ್ ಡೋಲ್ ಎಲೆಕ್ಟೆಡ್’ ಅಂತಾನೂ ತುಂಬಬಹುದಿತ್ತು, ಹಾದುಹೋಗೋ ಪದಗಳೂ ಎರಡಕ್ಕೂ ಹೊಂದುತ್ತಿದ್ವು. ಹ್ಯಾಲೋವೀನ್‌ನ ಕಪ್ಪು ಪ್ರಾಣಿ ಅಂದ್ರೆ ಕ್ಯಾಟ್ (ಕ್ಲಿಂಟನ್‌ನ C) ಆದ್ರೂ ಸರಿ, ಬ್ಯಾಟ್ (ಬಾಬ್‌ನ B) ಆದ್ರೂ ಸರಿ. ದಿನ, ಥೀಮ್, ಗ್ರಿಡ್, ಕ್ಲೂ ನಾಲ್ಕೂ ಒಂದೇ ಕೆಲಸ ಮಾಡ್ತಿವೆ. ಇದನ್ನ ನೆನೆಸ್ಕೊಂಡಾಗೆಲ್ಲಾ ನನಗೆ ಈಗ್ಲೂ ಮೈ ಜುಮ್ ಅನ್ನುತ್ತೆ.

ಥೀಮ್ ಬಿಟ್ರೆ ಉಳಿದ ಪದಗಳು, ಅಂದ್ರೆ ಫಿಲ್. ‘ಓರಿಯೋ’ (ಬಿಸ್ಕತ್ತು), ‘ಏರಿ’ (ಉತ್ತರ ಅಮೆರಿಕದ ಸರೋವರ), ‘ಎಪೀ’ (ಕತ್ತಿವರಸೆಯ ಕತ್ತಿ) ಇಂಥ ಸ್ವರಗಳೇ ತುಂಬಿರೋ ಚಿಕ್ಕ ಪದಗಳು ಪದೇ ಪದೇ ಬರ್ತಾನೇ ಇರ್ತವೆ, ಜೊತೆಗೆ ಸಂಕ್ಷಿಪ್ತ ರೂಪಗಳು, ರೋಮನ್ ಅಂಕಿಗಳು, ಅರ್ಧಂಬರ್ಧ ನುಡಿಗಟ್ಟುಗಳು. ಬರೀ ಎಣಿಸಿ ಬೈದ್ರೆ ಪ್ರಯೋಜನ ಇಲ್ಲ, ಎಲ್ಲಿ ಕೂತಿವೆ ನೋಡಿ. ಎರಡು ಥೀಮ್ ಪದಗಳ ಮಧ್ಯೆ ಸಿಕ್ಕಾಕೊಂಡಿದ್ರೆ ಅದು ಥೀಮ್‌ಗೆ ತೆತ್ತ ಬೆಲೆ, ಥೀಮ್ ಚೆನ್ನಾಗಿದ್ರೆ ಕ್ಷಮಿಸ್ಬೋದು. ಥೀಮ್ ಹತ್ರಾನೂ ಸುಳಿಯದ ಮೂಲೆಯಲ್ಲಿ ಅಂಥವು ನಾಲ್ಕು ಗುಂಪಾಗಿದ್ರೆ ಅಲ್ಲಿ ಇನ್ನೊಂದು ಸಲ ಕೂತು ತುಂಬಬೇಕಿತ್ತು, ಆ ಮಾತನ್ನ ನೇರವಾಗಿ ಬರೀರಿ. ಎರಡು ಅಪರೂಪದ ಹೆಸರುಗಳು ಒಂದೇ ಮನೇಲಿ ಹಾದುಹೋದ್ರೆ ಅದು ನಿಜವಾದ ದೋಷ, ಯಾಕಂದ್ರೆ ಆ ಅಕ್ಷರವನ್ನ ಯೋಚಿಸಿ ಕಂಡುಹಿಡಿಯೋಕೆ ದಾರೀನೇ ಇಲ್ಲ.

ಈ ಅಳತೆಗೋಲನ್ನ ಕನ್ನಡ ಪದಬಂಧಕ್ಕೆ ಹಾಗಾಗೇ ಇಡಬೇಡಿ. ನಮ್ಮಲ್ಲಿ ಒಂದು ಮನೆಗೆ ಕಾಗುಣಿತ, ಒತ್ತು ಎಲ್ಲಾ ಸೇರಿದ ಅಕ್ಷರ ಕೂರುತ್ತೆ, ಎರಡು ಪದ ಹಾಯೋ ಕಡೆ ‘ಕ’ ಇದ್ರೆ ಸಾಲ್ದು, ‘ಕಿ’ ಬೇಕಾದಲ್ಲಿ ‘ಕಿ’ನೇ ಬರ್ಬೇಕು, ಹಾಗಾಗಿ ಪ್ರತಿ ಮನೇನೂ ಎರಡು ಪದಕ್ಕೆ ಸೇರ್ಲಿ ಅಂತ ಕೇಳೋದು ತುಂಬಾ ದುಬಾರಿ ಬೇಡಿಕೆ.

ಕ್ಲೂಗಳ ವಿಷ್ಯಕ್ಕೆ ಬಂದ್ರೆ ನ್ಯಾಯ ಮೊದಲು, ಚಮತ್ಕಾರ ಆಮೇಲೆ. ಕ್ಲೂ ಬಹುವಚನ ಆದ್ರೆ ಉತ್ತರವೂ ಬಹುವಚನ, ಉತ್ತರ ಸಂಕ್ಷಿಪ್ತ ರೂಪ ಆಗಿದ್ರೆ ಕ್ಲೂನಲ್ಲಿ ಅದರ ಸೂಚನೆ ಇರ್ಬೇಕು, ಪದದಾಟ ಇದ್ರೆ ಸಾಮಾನ್ಯವಾಗಿ ಕೊನೇಲಿ ಪ್ರಶ್ನೆ ಚಿಹ್ನೆ ಇರುತ್ತೆ. ವಾರ ನೋಡಿ ತೂಗಿ: ಟೈಮ್ಸ್‌ನಲ್ಲಿ ಸೋಮವಾರ ಎಲ್ಲಕ್ಕಿಂತ ಸುಲಭ, ಶನಿವಾರದ ತನಕ ಏರ್ತಾ ಹೋಗುತ್ತೆ, ಒಂದು ಮನೆಗೆ ಹಲವು ಅಕ್ಷರ ತುರುಕೋ ಥರದ ಕಿತಾಪತಿ ಹೆಚ್ಚಾಗಿ ಗುರುವಾರ. ಸೋಮವಾರ ಆ ಆಟ ಆಡಿದ್ರೆ ತಪ್ಪು ಅನ್ಬೋದು, ಗುರುವಾರ ಆಡಿದ್ರೆ ಗೊಣಗೋಕಾಗಲ್ಲ. ಇನ್ನೊಂದು ವಿಷ್ಯ ಸುಮಾರು ಜನಕ್ಕೆ ಗೊತ್ತಿರಲ್ಲ, ಕ್ಲೂಗಳಲ್ಲಿ ಎಷ್ಟೋ ಸಂಪಾದಕರ ಕೈಲಿ ಬದಲಾಗಿರ್ತವೆ, ಆದ್ರಿಂದ ಕ್ಲೂ ಕೆಟ್ಟದಿದ್ರೆ ಕ್ಲೂ ಕೆಟ್ಟದು ಅಂತ ಬರೀರಿ, ಕಟ್ಟಿದವ್ರ ಹೆಸರು ಹಿಡಿದು ಬೈಬೇಡಿ.

ಬರೆಯೋವಾಗ ಮೇಲೇನೇ "ಉತ್ತರಗಳಿವೆ, ಬಿಡಿಸಿ ಆದ್ಮೇಲೆ ಓದಿ" ಅಂತ ಹಾಕಿ. ಮೊದಲ ಸಾಲಲ್ಲೇ ಥೀಮ್ ಏನು ಅಂತ ಹೇಳಿ, ಹೊಗಳಿಕೆಗೂ ದೂರಿಗೂ ಕ್ಲೂ ನಂಬರ್ ಕೊಡಿ. ಈ ಪದದ ಬದಲು ಆ ಪದ ಇರ್ಬೋದಿತ್ತು ಅಂತ ಬರೆಯೋ ಮುಂಚೆ ಅದನ್ನ ಗ್ರಿಡ್‌ನಲ್ಲಿ ನಿಜವಾಗ್ಲೂ ಕೂರಿಸಿ ಹಾದುಹೋಗೋ ಪದಗಳೆಲ್ಲಾ ನಿಲ್ತವಾ ನೋಡಿ, ನಿಂತ್ರೆ ಆ ಮೂಲೆಯನ್ನ ಪೂರ್ತಿ ಬರೆದೇ ತೋರಿಸಿ, ನಿಲ್ಲದಿದ್ರೆ ಆ ಸಾಲನ್ನ ಅಳಿಸಿಬಿಡಿ.