ಫೋನಿನ ಬೆನ್ನು ತಟ್ಟಿದರೆ ಬೆಳಕು

ಮೂರನೇ ಮಹಡಿಯಿಂದ ಇಳಿಯುತ್ತಿದ್ದೆ. ಎಡಗೈಯಲ್ಲಿ ನಿದ್ದೆ ಹೋದ ಮಗಳು, ಬಲಗೈಯಲ್ಲಿ ಫೋನು. ಅರ್ಧ ಇಳಿಯುವಷ್ಟರಲ್ಲಿ ಕರೆಂಟ್ ಹೋಯಿತು. ಟಾರ್ಚ್ ಹಾಕಿದ್ದರೆ ಮುಗಿದಿತ್ತು. ಆದರೆ ಆಗಷ್ಟೇ ಕೈ ತೊಳೆದು ಬಂದಿದ್ದೆ, ಹೆಬ್ಬೆರಳು ಇನ್ನೂ ಒದ್ದೆ. ಫೋನು ಬೆರಳನ್ನು ಗುರುತು ಹಿಡಿಯಲಿಲ್ಲ. ಪ್ಯಾಂಟಿಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದೆ, ಆಗಲೂ ಇಲ್ಲ. ಕೊನೆಗೆ ಒಂದೇ ಕೈಯಲ್ಲಿ ಪಿನ್ ಒತ್ತಿ ಒಳಗೆ ಹೋಗಿ ಟಾರ್ಚ್ ಆ್ಯಪ್ ಹುಡುಕತೊಡಗಿದೆ. ಅಷ್ಟರಲ್ಲಿ ಪರದೆಯ ಬೆಳಕು ಕಣ್ಣಿಗೆ ಹೊಡೆದು, ಮೆಟ್ಟಿಲು ಮೊದಲಿಗಿಂತ ಕಪ್ಪಾಗಿ ಕಂಡಿತು. ಆ್ಯಪ್ ಸಿಗೋ ಹೊತ್ತಿಗೆ ನಾನು ಗೋಡೆಗೆ ಭುಜ ಒರಗಿಸಿ, ಕಾಲಲ್ಲೇ ಮೆಟ್ಟಿಲು ತಡಕುತ್ತಾ ಕೆಳಗೆ ಬಂದಾಗಿತ್ತು. ಮಗಳು ಏಳಲಿಲ್ಲ, ಅದೊಂದು ಪುಣ್ಯ.

ಅವತ್ತು ರಾತ್ರಿ ಕೂತು ಎಣಿಸಿದೆ. ಲಾಕ್ ತೆಗೆಯಬೇಕು, ಆ್ಯಪ್‌ಗಳ ಪುಟ ಸರಿಸಬೇಕು, ಆ್ಯಪ್ ಒತ್ತಬೇಕು, ಅದು ತೋರಿಸುವ ಜಾಹೀರಾತು ಮುಚ್ಚಬೇಕು, ಆಮೇಲೆ ಗುಂಡಿ ಒತ್ತಬೇಕು. ಒಂದು ದೀಪ ಹಚ್ಚೋಕೆ ಇಷ್ಟೊಂದು ಸರ್ಕಸ್ಸಾ? 2003ರ ನೋಕಿಯಾ 1100ರಲ್ಲೇ ಟಾರ್ಚ್ ಇತ್ತು, ಅದಕ್ಕೆ ಪಾಸ್‌ವರ್ಡೂ ಬೇಕಿರಲಿಲ್ಲ, ಆ್ಯಪೂ ಬೇಕಿರಲಿಲ್ಲ. ಆಗಲೇ ತೀರ್ಮಾನ ಮಾಡಿದೆ. ಲಾಕ್ ತೆಗೆಯದೆ, ಪರದೆ ನೋಡದೆ ಟಾರ್ಚ್ ಹತ್ತಬೇಕು. ಇವೆರಡೂ ಆಗದಿದ್ದರೆ ಆ ದಾರಿ ನನಗೆ ಬೇಡ.

ಮೊದಲು ಮಾಡಿದ ಕೆಲಸ ಟಾರ್ಚ್ ಆ್ಯಪ್ ಕಿತ್ತು ಹಾಕಿದ್ದು. ಅದರ ಅಗತ್ಯವೇ ಇರಲಿಲ್ಲ. ಐಫೋನ್‌ನ ಕಂಟ್ರೋಲ್ ಸೆಂಟರ್‌ಗೆ, ಅಂದರೆ ಪರದೆಯ ಅಂಚಿನಿಂದ ಎಳೆದರೆ ಬರುವ ಗುಂಡಿಗಳ ಪಟ್ಟಿಗೆ, 2013ರ ಐಓಎಸ್ 7 ತಂತ್ರಾಂಶದಲ್ಲೇ ಟಾರ್ಚ್ ಬಂದಿತ್ತು. ಆಂಡ್ರಾಯ್ಡ್‌ಗೆ 2014ರ 5.0 ಆವೃತ್ತಿಯಲ್ಲಿ ಬಂತು. ನಾನು ಮಾತ್ರ ಅಭ್ಯಾಸಬಲದಿಂದ ಹಳೇ ಆ್ಯಪನ್ನೇ ಹೊಸ ಹೊಸ ಫೋನಿಗೆ ಹೊತ್ತುಕೊಂಡು ಬರುತ್ತಿದ್ದೆ. ಇಂಥ ಆ್ಯಪ್‌ಗಳ ಕಥೆ ಗೊತ್ತಲ್ವಾ? 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಹೆಸರುವಾಸಿ ಟಾರ್ಚ್ ಆ್ಯಪ್ ಮೇಲೆ ಕ್ರಮ ತೆಗೆದುಕೊಂಡಿತ್ತು. ಬಳಸುವವರು ಎಲ್ಲಿದ್ದಾರೆ ಅನ್ನೋ ಮಾಹಿತಿಯನ್ನು ಅದು ಅವರಿಗೆ ಹೇಳದೆ ಜಾಹೀರಾತಿನವರಿಗೆ ದಾಟಿಸುತ್ತಿತ್ತು. ದೀಪ ಹಚ್ಚೋಕೆ ನಾನೆಲ್ಲಿದ್ದೇನೆ ಅಂತ ಯಾಕೆ ಬೇಕು?

ಆಮೇಲೆ ಮೇಲಿನಿಂದ ಎಳೆಯುವ ಪಟ್ಟಿಯನ್ನು ಸರಿಮಾಡಿಕೊಂಡೆ. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಟಾರ್ಚ್ ಐಕಾನ್ ಎರಡನೇ ಪುಟದಲ್ಲಿ ಎಲ್ಲೋ ಮೂಲೆಗೆ ಬಿದ್ದಿತ್ತು. ಪಟ್ಟಿಯನ್ನು ಪೂರ್ತಿ ಎಳೆದರೆ ಪೆನ್ಸಿಲ್ ಗುರುತು ಕಾಣುತ್ತದೆ. ಅದನ್ನು ಒತ್ತಿ, ಟಾರ್ಚನ್ನು ಹಿಡಿದೆಳೆದು ಮೊದಲ ಸಾಲಿನ ಮೊದಲ ಜಾಗಕ್ಕೆ ತಂದಿಟ್ಟೆ. ಈಗ ಒಮ್ಮೆ ಎಳೆದು ಒಮ್ಮೆ ಒತ್ತಿದರೆ ಆಯಿತು. ಲಾಕ್ ಇದ್ದರೂ ನಡೆಯುತ್ತದೆ. ಹೆಚ್ಚಿನ ಫೋನ್‌ಗಳಲ್ಲಿ ಟಾರ್ಚ್‌ಗೆ ಬೆರಳೂ ಬೇಡ, ಪಿನ್ನೂ ಬೇಡ. ಇಷ್ಟು ವರ್ಷ ಇದು ಗೊತ್ತಿಲ್ಲದೆ ಲಾಕ್ ತೆಗೆಯುತ್ತಾ ಕೂತಿದ್ದೆನಲ್ಲಾ ಅಂತ ನಗು ಬಂತು. ಅದರ ಪಕ್ಕದಲ್ಲಿ ಏರೋಪ್ಲೇನ್ ಮೋಡ್ ಮಾತ್ರ ಇಡಬೇಡಿ. ಕತ್ತಲಲ್ಲಿ ಬೆರಳು ಜಾರಿದರೆ ಬೆಳಕೂ ಇಲ್ಲ, ಸಿಗ್ನಲ್ಲೂ ಇಲ್ಲ.

ಇಷ್ಟಾದರೂ ಪರದೆ ನೋಡಲೇಬೇಕು. ಅದಕ್ಕೆ ಲಾಕ್ ಪರದೆಯ ಮೂಲೆಗೆ ಹೋದೆ. 2017ರ ಐಫೋನ್ 10ರಿಂದೀಚೆಗೆ, ಹೋಮ್ ಗುಂಡಿ ಇಲ್ಲದ ಐಫೋನ್‌ಗಳಲ್ಲಿ, ಕೆಳಗೆ ಎಡಮೂಲೆಯಲ್ಲಿ ಟಾರ್ಚ್ ಗುರುತು ಇರುತ್ತದೆ. ಸುಮ್ನೆ ಮುಟ್ಟಿದರೆ ಹತ್ತುವುದಿಲ್ಲ, ಸ್ವಲ್ಪ ಒತ್ತಿ ಹಿಡಿಯಬೇಕು. ಹತ್ತಿದಾಗ ಬೆರಳಿಗೆ ಸಣ್ಣದೊಂದು ಅದುರು ತಾಕುತ್ತದೆ, ಹಾಗಾಗಿ ನೋಡುವ ಅಗತ್ಯವೇ ಇಲ್ಲ. ಐಓಎಸ್ 18 ಬಂದ ಮೇಲೆ ಆ ಮೂಲೆಯಲ್ಲಿ ಬೇರೆ ಏನನ್ನಾದರೂ ಇಟ್ಟುಕೊಳ್ಳಬಹುದು. ನಿಮ್ಮ ಫೋನಿನಲ್ಲಿ ಟಾರ್ಚ್ ಮಾಯವಾಗಿದ್ದರೆ ಲಾಕ್ ಪರದೆಯನ್ನು ಒತ್ತಿ ಹಿಡಿದು, ಕಸ್ಟಮೈಸ್‌ಗೆ ಹೋಗಿ ನೋಡಿ. ಸ್ಯಾಮ್‌ಸಂಗ್‌ನಲ್ಲೂ ಲಾಕ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಎರಡು ಮೂಲೆಗೆ ನಮಗೆ ಬೇಕಾದ್ದನ್ನು ಇಡುವ ವ್ಯವಸ್ಥೆ ಇದೆ. ಗೂಗಲ್‌ನವರ ಪಿಕ್ಸೆಲ್ ಫೋನಿಗೆ ಆಂಡ್ರಾಯ್ಡ್ 14ರಲ್ಲಿ ಇದು ಸಿಕ್ಕಿದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆನ್ನು ತಟ್ಟುವ ವಿದ್ಯೆ. ಅಮ್ಮನ ಐಫೋನ್‌ಗೆ ಮೊದಲು ಮಾಡಿಕೊಟ್ಟೆ. ಸೆಟ್ಟಿಂಗ್ಸ್, ಅದರೊಳಗೆ ಆ್ಯಕ್ಸೆಸಿಬಿಲಿಟಿ, ಅದರೊಳಗೆ ಟಚ್, ಪುಟದ ಕೊನೆಗೆ ಬ್ಯಾಕ್ ಟ್ಯಾಪ್. ಅಲ್ಲಿ ಎರಡು ತಟ್ಟಿಗೊಂದು, ಮೂರು ತಟ್ಟಿಗೊಂದು ಕೆಲಸ ಕೊಡಬಹುದು. ಟಾರ್ಚ್ ಆಯ್ಕೆ ಮಾಡಿದೆ. ಬ್ಯಾಕ್ ಟ್ಯಾಪ್‌ಗೆ ಐಓಎಸ್ 14 ಅಥವಾ ಅದಕ್ಕಿಂತ ಹೊಸದು ಬೇಕು, ಫೋನು ಐಫೋನ್ 8 ಅಥವಾ ಅದರ ನಂತರದ್ದಾಗಿರಬೇಕು.

"ಏನೋ ಇದು, ಬೆನ್ನು ತಟ್ಟಿದ್ರೆ ದೀಪ ಹತ್ತುತ್ತಾ?" ಅಂದರು ಅಮ್ಮ.

"ತಟ್ಟಿ ನೋಡಮ್ಮಾ."

ಅಮ್ಮ ಅಂಗೈಯಲ್ಲಿ ಮೆಲ್ಲಗೆ ತಟ್ಟಿದರು, ಮಗು ಮಲಗಿಸುವ ಹಾಗೆ. ಏನೂ ಆಗಲಿಲ್ಲ. ತಟ್ಟುವುದಕ್ಕೂ ಒಂದು ಹದ ಇದೆ. ಫೋನನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿದು, ತೋರುಬೆರಳನ್ನು ಬೆನ್ನ ಮೇಲೆ ಮಡಚಿ, ಬೆರಳ ತುದಿಯಿಂದ ಟಕ್ ಟಕ್ ಅಂತ ಕುಟ್ಟಬೇಕು. ಎರಡರ ನಡುವೆ ಜಾಸ್ತಿ ಅಂತರ ಬೇಡ. ಬಾಗಿಲು ತಟ್ಟುವಷ್ಟು ಜೋರೂ ಬೇಡ. ನಾಲ್ಕನೇ ಸಲಕ್ಕೆ ಟಾರ್ಚ್ ಹತ್ತಿತು. ಅಮ್ಮ ಅದನ್ನು ಆರಿಸಿ, ಹಚ್ಚಿ, ಮತ್ತೆ ಆರಿಸಿ, ಅಪ್ಪನನ್ನು ಕರೆದು ತೋರಿಸಿದರು. ದಪ್ಪ ಕವರ್ ಇದ್ದರೆ ತಟ್ಟಿದ್ದು ಫೋನಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅಮ್ಮನ ಹಳೇ ಪುಸ್ತಕದಂಥ ಕವರನ್ನು ತೆಗೆಸಬೇಕಾಯಿತು.

ಪಿಕ್ಸೆಲ್‌ನಲ್ಲಿ ಇದೇ ಥರದ್ದಕ್ಕೆ ಕ್ವಿಕ್ ಟ್ಯಾಪ್ ಅಂತ ಹೆಸರು. ಟಾರ್ಚ್ ಆಯ್ಕೆ ಅದಕ್ಕೆ ಆಂಡ್ರಾಯ್ಡ್ 13ರಲ್ಲಿ ಬಂತು. ಮೊಟೊರೊಲಾದವರದ್ದು ಇನ್ನೂ ಮಜಾ. ಫೋನನ್ನು ಕೈಯಲ್ಲಿ ಹಿಡಿದು ಕೊಡಲಿ ಬೀಸಿದ ಹಾಗೆ ಎರಡು ಸಲ ಆಡಿಸಿದರೆ ದೀಪ. ಗೆಳೆಯನೊಬ್ಬ ಅದನ್ನು ಬಿಟ್ಟು ಬೇರೆ ಫೋನ್ ತಗೊಳ್ಳಲ್ಲ ಅನ್ನುತ್ತಾನೆ. ಒದ್ದೆ ಕೈಯಲ್ಲಿ ಫೋನ್ ಬೀಸುವ ಧೈರ್ಯ ನನಗಿಲ್ಲ.

ಬೆನ್ನು ತಟ್ಟುವುದರಲ್ಲಿ ಒಂದು ತೊಡಕಿದೆ, ಅದನ್ನು ನಾನೇ ಅನುಭವಿಸಿದೆ. ನನ್ನ ಫೋನಿನಲ್ಲೂ ಮೊದಲ ವಾರ ಎರಡು ತಟ್ಟಿಗೆ ಇಟ್ಟುಕೊಂಡಿದ್ದೆ. ಒಂದು ಮೀಟಿಂಗ್‌ನಲ್ಲಿ ಎದುರಿಗೆ ಕೂತವರು ಪದೇ ಪದೇ ನನ್ನ ಎದೆ ನೋಡುತ್ತಿದ್ದರು. ಯಾಕಪ್ಪಾ ಅಂತ ಬಗ್ಗಿ ನೋಡಿದರೆ ಅಂಗಿ ಜೇಬು ಲಾಟೀನಿನ ಹಾಗೆ ಉರಿಯುತ್ತಿತ್ತು. ಫೋನನ್ನು ಜೇಬಿಗೆ ಹಾಕುವಾಗ ಬೆರಳು ತಾಗಿದ್ದೇ ಎರಡು ತಟ್ಟು ಆಗಿತ್ತು. ಸಂಜೆಯೇ ಮೂರು ತಟ್ಟಿಗೆ ಬದಲಾಯಿಸಿದೆ. ಅಲ್ಲಿಂದೀಚೆಗೆ ಜೇಬು ಉರಿದಿಲ್ಲ.

ಕೈ ಖಾಲಿ ಇಲ್ಲದಾಗ ಬಾಯಿ ಇದೆ. "ಹೇ ಗೂಗಲ್, ಟರ್ನ್ ಆನ್ ದ ಫ್ಲ್ಯಾಶ್‌ಲೈಟ್" ಅಂದರೆ ಸಾಕು, ಐಫೋನ್‌ನಲ್ಲಾದರೆ ಸಿರಿಗೂ ಅದನ್ನೇ ಹೇಳಬಹುದು. ಹಾಸಿಗೆ ಕೆಳಗೆ ಬಿದ್ದ ಫೋನನ್ನು ಹುಡುಕೋಕೆ ಇದು ಬಲು ಚೆನ್ನ, ಅದು ತಾನೇ ಉರಿದು ಜಾಗ ತೋರಿಸುತ್ತದೆ. ಆದರೆ ಮಗು ಮಲಗಿರುವಾಗ ಯಾರು ಕೂಗುತ್ತಾರೆ?

ಐಫೋನ್ 15 ಪ್ರೋದಿಂದ ಬಂದ ಆ್ಯಕ್ಷನ್ ಬಟನ್ ಇದ್ದವರು ಇಷ್ಟೆಲ್ಲ ಓದಬೇಕಿರಲಿಲ್ಲ. ಅದಕ್ಕೆ ಟಾರ್ಚ್ ಕೆಲಸ ಕೊಟ್ಟು ಒತ್ತಿ ಹಿಡಿದರೆ ಮುಗೀತು.

ಬೇಗ ಆರಿಸುವುದೂ ಗೊತ್ತಿರಬೇಕು. ತಟ್ಟಿ ಹಚ್ಚಿದ್ದನ್ನು ತಟ್ಟಿಯೇ ಆರಿಸಬಹುದು. ನಡುರಾತ್ರಿ ಪೂರ್ತಿ ಬೆಳಕು ಬೇಡವಾದರೆ ಐಫೋನ್‌ನ ಕಂಟ್ರೋಲ್ ಸೆಂಟರ್‌ನಲ್ಲಿ ಟಾರ್ಚ್ ಗುರುತನ್ನು ಒತ್ತಿ ಹಿಡಿಯಿರಿ, ಬೆಳಕು ತಗ್ಗಿಸುವ ಪಟ್ಟಿ ಬರುತ್ತದೆ. ಸ್ಯಾಮ್‌ಸಂಗ್‌ನಲ್ಲೂ ಹೀಗೆ ಏರಿಳಿಸಬಹುದು. ನೀರು ಕುಡಿಯಲು ಎದ್ದಾಗ ನಾನು ಅತಿ ಕಡಿಮೆಯಲ್ಲೇ ಇಡುತ್ತೇನೆ.

ಎಲ್ಲ ಸರಿಯಿದ್ದೂ ಟಾರ್ಚ್ ಹತ್ತದೆ ಹೋದರೆ ಮೊದಲು ಕ್ಯಾಮೆರಾ ತೆರೆದಿದೆಯಾ ನೋಡಿ. ವಿಡಿಯೋ ಕಾಲ್ ನಡೆಯುತ್ತಿದ್ದಾಗ ನನ್ನ ಫೋನಿನಲ್ಲಿ ಟಾರ್ಚ್ ಗುರುತು ಮಂಕಾಗಿ ಕೂತಿತ್ತು, ಕಾಲ್ ಕಟ್ ಮಾಡಿದ ಮೇಲೆ ಸರಿಹೋಯಿತು. ಫೋನು ತುಂಬಾ ಬಿಸಿಯಾಗಿದ್ದರೂ ಹೀಗಾಗುತ್ತದೆ, ಸ್ವಲ್ಪ ಹೊತ್ತು ತಣ್ಣಗಾಗಲು ಬಿಡಬೇಕು. ಬ್ಯಾಟರಿ ತಳ ಮುಟ್ಟಿದಾಗ ಕೆಲವು ಫೋನ್‌ಗಳು ಟಾರ್ಚ್ ಹಚ್ಚೋಕೇ ಒಪ್ಪುವುದಿಲ್ಲ. ಆಗ ಪರದೆಯ ಬೆಳಕನ್ನು ಕಾಲ ಬುಡಕ್ಕೆ ತಿರುಗಿಸಿಕೊಂಡು ನಡೆಯುತ್ತೇನೆ, ಕಣ್ಣಿಗೆ ನೇರವಾಗಿ ಬೀಳದ ಹಾಗೆ.